ಕಾಂಪೌಂಡ್ ಬಿಲ್ಲು ಕೈಯಲ್ಲಿ ಅಲುಗದೆ ನಿಲ್ಲುವುದು ಹೇಗೆ?

(ದೃಶ್ಯ: ಶಿರಸಿಯ ಒಂದು ಮೈದಾನ. ಮೇಜಿನ ಮೇಲೆ ಎರಡು ಕಾಂಪೌಂಡ್ ಬಿಲ್ಲುಗಳು.)

ನಮಸ್ಕಾರ. ಇವು ಎರಡೂ ತುದಿಗಳಲ್ಲಿ ಗಾಲಿಗಳಿರುವ ಕಾಂಪೌಂಡ್ ಬಿಲ್ಲುಗಳು. ಇವುಗಳಲ್ಲಿ ಮೊದಲನೆಯದು ಗಾಲಿಯಿಂದ ಗಾಲಿಗೆ 30 ಅಂಗುಲ, ಎರಡನೆಯದು 38. ಹೊಸಬರ ಕೈ ಹಗುರವಾದ ಮೊದಲನೆಯದರತ್ತಲೇ ಹೋಗುತ್ತದೆ. 50 ಮೀಟರ್ ದೂರದಲ್ಲಿ 8 ಸೆಂಟಿಮೀಟರ್ ಅಗಲದ ಹತ್ತು ಅಂಕದ ವೃತ್ತಕ್ಕೆ ಗುರಿಯಿಡಬೇಕಾದವರಿಗೆ ಅದು ತಕ್ಕದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ಹೊಲೆಸ್ ವಿಲ್ಬರ್ ಆಲನ್ 1969ರಲ್ಲಿ ಪೇಟೆಂಟ್ ಪಡೆದ ಈ ಬಿಲ್ಲಿನ ಜೀವಾಳವೇ ತುದಿಯ ಗಾಲಿಗಳು. ಎಳೆತದ ಕೊನೆಯಲ್ಲಿ ಅವು ಹೆದೆಯ ಬಿಗಿಯನ್ನು ಇಳಿಸುತ್ತವೆ; ಈ ಇಳಿತವೇ ಲೆಟ್-ಆಫ್. ಲೆಟ್-ಆಫ್ ಶೇ. 80 ಇರುವ, 50 ಪೌಂಡ್ ಎಳೆತದ ಬಿಲ್ಲನ್ನು ಪೂರ್ತಿ ಎಳೆದ ಮೇಲೆ ಹಿಡಿದಿಡಬೇಕಾದದ್ದು 10 ಪೌಂಡ್ ಮಾತ್ರ. ಇದರಿಂದ ಆಯಾಸ ತಗ್ಗುತ್ತದೆ, ನಿಜ; ಆದರೆ ಬಿಗಿ ಕಡಿಮೆಯಾದಷ್ಟೂ ಕೈಯ ಸಣ್ಣ ನಡುಕವೂ ಬಿಲ್ಲಿಗೆ ದಾಟುತ್ತದೆ.

(ದೃಶ್ಯ: ಚಿಕ್ಕ ಬಿಲ್ಲನ್ನು ಎಳೆದಿರುವ ಬಿಲ್ಲುಗಾರನ ಮುಖ, ಹತ್ತಿರದಿಂದ.)

ಹೆದೆಯನ್ನು ಗಮನಿಸಿ. ಬಿಲ್ಲು ಗಿಡ್ಡವಾದಷ್ಟೂ ಹೆದೆಯ ಕೋನ ಕಿರಿದಾಗುವುದರಿಂದ, ಮೂಗಿನ ತುದಿಗೆ ತಾಗಬೇಕಾದ ಹೆದೆ ತಾಗದೆ, ಬಿಲ್ಲುಗಾರ ಕತ್ತನ್ನೇ ಮುಂದಕ್ಕೆ ಚಾಚಿ ಪೀಪ್ ಸೈಟಿನೊಳಗೆ, ಅಂದರೆ ಹೆದೆಯಲ್ಲಿ ಕೂರಿಸಿದ ಇಣುಕುರಂಧ್ರದೊಳಗೆ, ಕಣ್ಣಿಡುತ್ತಾನೆ. ಉದ್ದನೆಯ ಬಿಲ್ಲಿನಲ್ಲಿ ಹೆದೆಯೇ ಮುಖಕ್ಕೆ ಬಂದು ಕೂರುತ್ತದೆ. ಹಿಡಿಗೂ ಹೆದೆಗೂ ನಡುವಿನ ಅಂತರ, ಅಂದರೆ ಬ್ರೇಸ್ ಹೈಟ್, 7 ಅಂಗುಲದಷ್ಟಿದ್ದರೆ ಬಾಣದ ವೇಗ ತುಸು ಕಡಿಮೆಯಾದರೂ ಅದು ಹೆದೆಯನ್ನು ಬೇಗ ಬಿಡುವುದರಿಂದ ಕೈತಪ್ಪಿನ ಪರಿಣಾಮವೂ ಕಡಿಮೆ.

ಇನ್ನು ಸ್ಟೆಬಿಲೈಸರ್, ಅಂದರೆ ಬಿಲ್ಲು ಅಲುಗದಿರಲೆಂದು ಜೋಡಿಸುವ, ತುದಿಯಲ್ಲಿ ತೂಕವಿರುವ ಸರಳು. ನಮ್ಮ ಅಡಿಕೆ ತೋಟಗಳ ಕಾರ್ಬನ್ ಫೈಬರ್ ದೋಟಿಯ ತುದಿಗೆ ಅಡಿಕೆಗೊನೆಯ ಭಾರ ಬಿದ್ದಾಗ ಅದನ್ನು ಥಟ್ಟನೆ ಪಕ್ಕಕ್ಕೆ ಹೊರಳಿಸಲು ಆಗುವುದಿಲ್ಲವಷ್ಟೆ. ಬಿಲ್ಲಿನ ಮುಂದಿರುವ ಕಾರ್ಬನ್ ಸರಳೂ ಹಾಗೆಯೇ. ಅದೇ ತೂಕವನ್ನು 10 ಅಂಗುಲದಿಂದ 30 ಅಂಗುಲಕ್ಕೆ ಸರಿಸಿದರೆ, ತಿರುಗುವಿಕೆಗೆ ಅದು ಒಡ್ಡುವ ಪ್ರತಿರೋಧ ಒಂಬತ್ತು ಪಟ್ಟಾಗುತ್ತದೆ. ಹಾಗಾಗಿ ತೂಕ ಎಷ್ಟು ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದನ್ನೇ ಮೊದಲು ನೋಡಬೇಕು. ಬಲಗೈಯಲ್ಲಿ ಎಳೆಯುವವರ ಬಿಲ್ಲಿನಲ್ಲಿ ಗುರಿ ನೋಡುವ ಸಾಧನವಾದ ಸೈಟ್ ಬಲಬದಿಗಿರುವುದರಿಂದ ಬಿಲ್ಲು ಆ ಕಡೆಗೇ ವಾಲುತ್ತದೆ. ಹಿಂಬದಿಯ ಕಿರುಸರಳನ್ನು ಎಡಕ್ಕೆ ಹೊರಳಿಸಿ ತೂಕ ಕೂಡಿಸುವುದು ಇದಕ್ಕಾಗಿಯೇ. ಕಾರವಾರದಲ್ಲಿ ಮಧ್ಯಾಹ್ನದ ಕಡಲಗಾಳಿಗೆ ಎದುರಾಗಿ ನಿಲ್ಲುವವರು ದಪ್ಪ ಸರಳಿಗಿಂತ ತೆಳುವಾದದ್ದನ್ನು ಆರಿಸಿಕೊಳ್ಳುವುದು ಒಳ್ಳೆಯದು, ಅದಕ್ಕೆ ಗಾಳಿಯ ತಳ್ಳುವಿಕೆ ಕಡಿಮೆ. (ಉಪ್ಪುಗಾಳಿಗೆ ಉಕ್ಕಿನ ತಿರುಪುಗಳು ಬೇಗ ತುಕ್ಕು ಹಿಡಿಯುತ್ತವೆ, ಒರೆಸಿಡಿ.)

(ದೃಶ್ಯ: ಸೈಟಿನ ಮಸೂರಭಾಗವಾದ ಸ್ಕೋಪಿನಲ್ಲಿರುವ ನೀರುಮಟ್ಟದ ಗುಳ್ಳೆ.)

ನಿಮ್ಮ ಬಿಲ್ಲಿನ ಸಮತೋಲನವನ್ನು ಪರೀಕ್ಷಿಸಲು, ಬಾಣ ಹೂಡಿ ಗುರಿಹಲಗೆಯ ಹತ್ತಿರವೇ ನಿಂತು, ಕಣ್ಣುಮುಚ್ಚಿ ಪೂರ್ತಿ ಎಳೆದು ಹಿಡಿದು, ಬಳಿಕ ಕಣ್ಣು ತೆರೆಯಿರಿ. ಗುಳ್ಳೆ ಪ್ರತಿ ಸಲವೂ ಒಂದೇ ಬದಿಗೆ ಸರಿದಿದ್ದರೆ, ನಡುವಿಗೆ ಬರುವವರೆಗೆ ಕಿರುಸರಳಿನ ತೂಕವನ್ನು ಸ್ವಲ್ಪಸ್ವಲ್ಪವೇ ಬದಲಿಸಿ.