ಎಕ್ಸ್‌ಪಿ ಬಿಡದ ಡಿಟಿಪಿ ಅಂಗಡಿ

ಕೇಳುಗರಿಗೆಲ್ಲ ನಮಸ್ಕಾರ.

ಮದುವೆ ಕಾರ್ಡ್ ಮಾಡಿಸಲು ಹಳೇ ಡಿಟಿಪಿ ಅಂಗಡಿಗೆ ಹೋದರೆ ಒಂದು ವಿಷಯ ಗಮನಿಸಿ. ಎದುರಿಗೆ ಹೊಸ ಕಂಪ್ಯೂಟರ್ ಇರುತ್ತದೆ, ಬಿಲ್ಲಿಗೆ, ಇಮೇಲ್‌ಗೆ. ಕನ್ನಡದ ಕೆಲಸ ಮಾತ್ರ ಮೂಲೆಯಲ್ಲಿರುವ ಹಳದಿಗಟ್ಟಿದ ಸಿಪಿಯುನಲ್ಲಿ. ಅದರೊಳಗೆ ವಿಂಡೋಸ್ ಎಕ್ಸ್‌ಪಿ, ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡ ಟೈಪ್ ಮಾಡುವ ನುಡಿ. ಇಂಟರ್ನೆಟ್ ಕೊಟ್ಟಿರುವುದಿಲ್ಲ. ಫಾರ್ಮ್ಯಾಟ್ ಮಾಡಿಸಿ ಅಂದರೆ ಮಾಲೀಕರು ಗಾಬರಿಯಾಗುತ್ತಾರೆ. ‘ಚೆನ್ನಾಗಿ ನಡೀತಿದೆ, ಸುಮ್ನಿರಿ ಸಾರ್!’

ಆ ಡಬ್ಬದ ಮೇಲೆ ಅಷ್ಟೊಂದು ಮಮತೆಯೇ? ಇಲ್ಲ ಬಿಡಿ. ಹಾರ್ಡ್ ಡಿಸ್ಕ್ ಬದಲಾಗಿರುತ್ತದೆ, ರ್‍ಯಾಮ್ ಬದಲಾಗಿರುತ್ತದೆ. ಮದರ್‌ಬೋರ್ಡ್ ಸುಟ್ಟರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಥದ್ದೇ ಹಳೇದನ್ನು ಹುಡುಕಿ ತರುತ್ತಾರೆ. ಅವರು ಕಾಪಾಡುತ್ತಿರುವುದು ಆಪರೇಟಿಂಗ್ ಸಿಸ್ಟಮ್ಮನ್ನು, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಎಕ್ಸ್‌ಪಿಯನ್ನು.

ಆಪಲ್ ಅಭಿಮಾನಿಗಳದ್ದೂ ಇದೇ ಕಥೆ, ಸ್ವಲ್ಪ ಶ್ರೀಮಂತ ರೂಪದಲ್ಲಿ. 1984ರಲ್ಲಿ ಮ್ಯಾಕಿಂಟಾಷ್ ಬಂದಾಗ ಒಳಗಿದ್ದದ್ದು ಮೋಟೊರೋಲಾ ಚಿಪ್. 1994ರಲ್ಲಿ ಪವರ್‌ಪಿಸಿ, 2006ರಲ್ಲಿ ಇಂಟೆಲ್, 2020ರಲ್ಲಿ ಆಪಲ್‌ನದೇ ಚಿಪ್. ಯಂತ್ರದ ಹೃದಯವೇ ಮೂರು ಸಲ ಬದಲಾಯಿತು. ಆದರೂ ಬಹಳಷ್ಟು ಜನ ‘ನಮ್ಮ ಮ್ಯಾಕ್’ ಅನ್ನುವುದನ್ನು ಬಿಡಲಿಲ್ಲ. ತೆರೆಯ ಮೇಲ್ತುದಿಯಲ್ಲಿ ಅದೇ ಮೆನು, ಹೆಬ್ಬೆರಳಿಗೆ ಸಿಗುವ ಅದೇ ಕಮಾಂಡ್ ಕೀ. ಅಷ್ಟು ಸಾಕಿತ್ತು.

ಎಕ್ಸ್‌ಪಿ ಬಂದದ್ದು 2001ರ ಅಕ್ಟೋಬರ್‌ನಲ್ಲಿ. ಅದರ ನಂತರದ ವಿಸ್ಟಾಗೆ 2007ರವರೆಗೆ ಕಾಯಬೇಕಾಯಿತು. ಆ ಐದಾರು ವರ್ಷಗಳಲ್ಲಿ ಕಂಪ್ಯೂಟರ್ ಕಲಿತವರ ಕೈ ಎಕ್ಸ್‌ಪಿಗೇ ಪಳಗಿತು. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಅದರ ಆರೈಕೆ, ಅಂದರೆ ಭದ್ರತಾ ಅಪ್‌ಡೇಟ್ ಕೊಡುವುದನ್ನು, ನಿಲ್ಲಿಸಿತು. ಬ್ರಿಟನ್ ಸರ್ಕಾರಕ್ಕೇ ಬಿಡಲು ಆಗಲಿಲ್ಲ. ಇನ್ನೊಂದು ವರ್ಷದ ರಕ್ಷಣೆಗೆ 55 ಲಕ್ಷ ಪೌಂಡ್ ಕೊಟ್ಟಿತು. ಇನ್ನು ನಮ್ಮ ಕಾರ್ಡ್ ಅಂಗಡಿಯವರನ್ನು ಯಾಕೆ ಆಡಿಕೊಳ್ಳಬೇಕು, ಅಲ್ವಾ?

ಅವರ ಕಷ್ಟ ಇನ್ನೂ ಜಾಸ್ತಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದೂ 2001ರಲ್ಲೇ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಹಳೇ ನುಡಿ ಫಾಂಟ್‌ಗಳೇ ಬೇಕು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಂಥ ಫೈಲ್ ತೆರೆದು ನೋಡಿ. ‘ಕನ್ನಡ’ ಎಂಬ ಪದವೇ ಮಾಯ! ಮೊದಲು ಇಂಗ್ಲಿಷಿನ ‘ಪಿ’, ಪಕ್ಕದಲ್ಲಿ ನೆತ್ತಿಯ ಮೇಲೆ ಓರೆ ಗೀಟು ಹೊತ್ತ ‘ಎ’, ಆಮೇಲೆ ಪೌಂಡಿನ ಗುರುತು. ಊರಿನ ಜಾತ್ರೆಯ ಕರಪತ್ರ, ಸಹಕಾರ ಸಂಘದ ವರದಿ, ಸ್ಮರಣ ಸಂಚಿಕೆ, ಎಲ್ಲ ಹೀಗೇ ಬರೆದಿಟ್ಟಿದ್ದು. ಜೊತೆಗೆ ಹಳೇ ಪ್ರಿಂಟರ್. ಅದನ್ನು ಕಂಪ್ಯೂಟರಿಗೆ ಹೊಂದಿಸುವ ಹಳೇ 32 ಬಿಟ್ ಡ್ರೈವರ್ ತಂತ್ರಾಂಶ ಈಗಿನ 64 ಬಿಟ್ ವಿಂಡೋಸ್‌ನಲ್ಲಿ ಕೂರುವುದಿಲ್ಲ. ಇದನ್ನು ನಿಷ್ಠೆ ಅನ್ನಿ, ಹಠ ಅನ್ನಿ. ನನಗೇನೋ ಅದು ಲೆಕ್ಕಾಚಾರ ಅನ್ನಿಸುತ್ತದೆ.

ತಮಾಷೆ ಏನೆಂದರೆ, ಯೂನಿಕೋಡ್ ಕನ್ನಡ ಅದೇ ಎಕ್ಸ್‌ಪಿಯಲ್ಲಿ ಇತ್ತು! ‘ತುಂಗಾ’ ಅನ್ನುವ ಫಾಂಟ್ ಕೂಡ ಅದರ ಜೊತೆಗೇ ಬಂದಿತ್ತು. ಆದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಯ ವಿಭಾಗದಲ್ಲೊಂದು ಚೌಕಕ್ಕೆ ಗುರುತು ಹಾಕಿದರೆ, ವಿಂಡೋಸ್ ಸಿಡಿ ಕೊಡಿ ಅನ್ನುತ್ತಿತ್ತು. ಹಾಕಿಕೊಟ್ಟ ಹುಡುಗನ ಬಳಿಯೇ ಸಿಡಿ ಉಳಿದಿರುತ್ತಿತ್ತು. ಅಲ್ಲಿಗೆ ಮುಗಿಯಿತು.

ಈಗ ವಿಂಡೋಸ್ 10ರ ಸರದಿ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಗಟ್ಟಿಮುಟ್ಟಾಗಿರುವ ಎಷ್ಟೋ ಕಂಪ್ಯೂಟರುಗಳಲ್ಲಿ ಅದಿಲ್ಲ. ಕೆಲವರು ವಿಂಡೋಸ್ ಬದಲು ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಸುತ್ತಾರೆ. ಬ್ರೌಸರ್ ಸಾಕು ಅನ್ನುವವರಿಗೆ ಅದು ಒಳ್ಳೆಯದೇ.

ಡಿಟಿಪಿ ಅಂಗಡಿಯವರು ಮಾತ್ರ ಮೊದಲು ಫೈಲುಗಳನ್ನು ನೋಡಿಕೊಳ್ಳಬೇಕು. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳ ಮೇಲೊಮ್ಮೆ ಕಣ್ಣಾಡಿಸಿ. ತಪ್ಪುಗಳು ಹೆಚ್ಚಾಗಿ ಅಲ್ಲೇ ಅಡಗಿರುತ್ತವೆ. ಮೂಲ ಫೈಲನ್ನು ಅಳಿಸಬೇಡಿ.

ನಮಸ್ಕಾರ.