ಉಂಡು ಮಲಗುವ ತನಕ

ಎಲ್ಲರಿಗೂ ನಮಸ್ಕಾರ.

ಎರಡು ಗಾದೆಗಳಿಂದ ಶುರು ಮಾಡುತ್ತೇನೆ. ಎರಡೂ ನಿಮಗೆ ಗೊತ್ತಿರುವವೇ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಮೊದಲನೆಯದನ್ನು ಪಕ್ಕದ ಮನೆಯಿಂದ ಪಾತ್ರೆ ಎಸೆದ ಸದ್ದು ಬಂದಾಗ ಹೇಳಿಕೊಳ್ಳುತ್ತೇವೆ. ಹೆಂಗಸಿನ ಕೂಗು ಕೇಳಿದಾಗ ಹೇಳಿಕೊಂಡು, ಬಾಗಿಲು ಹಾಕಿಕೊಳ್ಳುತ್ತೇವೆ. ಎರಡನೆಯದನ್ನು ಎಲ್ಲೆಂದರಲ್ಲಿ, ಅರ್ಧ ನಗುತ್ತಾ ಬಳಸುತ್ತೇವೆ. ಇವತ್ತು ನಾನು ಮಾತಾಡಬೇಕಾಗಿರುವುದು ಆ ಕೂಸಿನ ಬಗ್ಗೆ. ಅದು ಬಡವಾಗುವುದಷ್ಟೇ ಅಲ್ಲದೆ ಸತ್ತೇ ಹೋದ ಮನೆಗಳ ಬಗ್ಗೆ.

ಇಂಥ ಸಾವಿನ ಸುದ್ದಿ ಪತ್ರಿಕೆಯಲ್ಲಿ ಹೇಗೆ ಬರುತ್ತದೆ ನೋಡಿ. ‘ಕೌಟುಂಬಿಕ ಕಲಹ’, ‘ಕ್ಷುಲ್ಲಕ ಕಾರಣಕ್ಕೆ’, ‘ಸಿಟ್ಟಿನ ಭರದಲ್ಲಿ’. ಓದಿದವರಿಗೆ ಅದು ಸಿಡಿಲು ಬಡಿದ ಹಾಗೆ ಅನಿಸುತ್ತದೆ. ಯಾರಿಗೂ ಗೊತ್ತಿರಲಿಲ್ಲ, ಇದ್ದಕ್ಕಿದ್ದಂತೆ ಆಗಿಹೋಯಿತು ಅಂತ. ಆದರೆ ಆಳವಾಗಿ ತನಿಖೆ ನಡೆದ ಪ್ರಕರಣಗಳ ವರದಿ ಓದಿದರೆ ಬೇರೆಯದೇ ಕಥೆ ಸಿಗುತ್ತದೆ. ಮೊದಲೇ ಯಾರಿಗೋ ಗೊತ್ತಿರುತ್ತದೆ. ಎಷ್ಟೋ ಸಲ ಬಹಳ ಜನರಿಗೆ ಗೊತ್ತಿರುತ್ತದೆ.

ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಹುಡುಗಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅವಳು ಹುಟ್ಟಿದ್ದು ಐವರಿ ಕೋಸ್ಟ್‌ನಲ್ಲಿ. ಚೆನ್ನಾಗಿ ಓದಲಿ ಅಂತ ಅಪ್ಪ ಅಮ್ಮ ಅವಳನ್ನು ಸಂಬಂಧದ ಹೆಂಗಸಿನ ಜೊತೆ ಯುರೋಪಿಗೆ ಕಳಿಸಿದರು. 1999ರಲ್ಲಿ ಅವಳು ಲಂಡನ್ ತಲುಪಿದಳು. 2000ದ ಫೆಬ್ರುವರಿ 25ರಂದು ತೀರಿಕೊಂಡಳು. ಆಗ ಅವಳಿಗೆ ಎಂಟು ವರ್ಷ. ಮೈಮೇಲೆ 128 ಗಾಯಗಳಿದ್ದವು. ಕೊಂದದ್ದು ಅವಳನ್ನು ಕರೆತಂದ ಹೆಂಗಸು ಮತ್ತು ಆಕೆಯ ಗೆಳೆಯ.

ಈ ಮಗುವನ್ನು ಯಾರೂ ನೋಡಿರಲಿಲ್ಲವೇ? ನೋಡಿದ್ದರು. ಎರಡು ಆಸ್ಪತ್ರೆ, ಪೊಲೀಸರು, ನಾಲ್ಕು ಸ್ಥಳೀಯ ಆಡಳಿತಗಳ ಸಮಾಜ ಸೇವಾ ಇಲಾಖೆ, ಎಲ್ಲರ ಫೈಲಿನಲ್ಲೂ ಅವಳ ಹೆಸರಿತ್ತು. ಒಮ್ಮೆ ಅವಳ ಮೈಮೇಲಿನ ಗುರುತುಗಳನ್ನು ಕಜ್ಜಿ ಅಂತ ಬರೆದು ಮನೆಗೆ ಕಳಿಸಿದರು. ಆಮೇಲೆ ಆ ಕಜ್ಜಿ ತಮಗೆ ಅಂಟೀತು ಅನ್ನುವ ಭಯಕ್ಕೆ ಮನೆಗೆ ಹೋಗಿ ನೋಡುವುದೂ ತಪ್ಪಿತು. ಲಾರ್ಡ್ ಲೇಮಿಂಗ್ ಅವರ ವಿಚಾರಣಾ ವರದಿ 2003ರಲ್ಲಿ ಬಂತು. ಅವಳನ್ನು ಕಾಪಾಡಲು 12 ಸಲ ಅವಕಾಶ ಸಿಕ್ಕಿತ್ತು ಅಂತ ಅದರಲ್ಲಿದೆ. ಅವುಗಳಲ್ಲಿ ಯಾವುದಕ್ಕೂ ದೊಡ್ಡ ಜಾಣತನ ಬೇಕಿರಲಿಲ್ಲ. ಕಾಗದ ಸರಿಯಾಗಿ ಓದಬೇಕಿತ್ತು, ಒಂದು ಫೋನ್ ಮಾಡಬೇಕಿತ್ತು, ಮನೆಯ ಬಾಗಿಲು ತಟ್ಟಬೇಕಿತ್ತು.

ನನ್ನನ್ನು ಜಾಸ್ತಿ ಕಾಡುವುದು ಏನು ಗೊತ್ತಾ? ಎಲ್ಲರೂ ಆ ಹೆಂಗಸಿನ ಮಾತು ಕೇಳಿದರು. ಅವಳ ಮನೆ ಸಮಸ್ಯೆ, ದುಡ್ಡಿನ ತೊಂದರೆ, ದೂರು ದುಮ್ಮಾನ, ಎಲ್ಲವನ್ನೂ ಬರೆದುಕೊಂಡರು. ಪಕ್ಕದಲ್ಲೇ ನಿಂತಿದ್ದ ಹುಡುಗಿಯನ್ನು ‘ನಿನ್ನ ದಿನ ಹೇಗೆ ಕಳೆಯುತ್ತಮ್ಮಾ’ ಅಂತ ಕೂರಿಸಿಕೊಂಡು ಕೇಳಿದವರಿಲ್ಲ.

ಇದು ಮೊದಲನೆಯ ಸಲವೂ ಆಗಿರಲಿಲ್ಲ. ಅದೇ ದೇಶದ ಬ್ರೈಟನ್ ಊರಿನಲ್ಲಿ 1973ರ ಜನವರಿಯಲ್ಲಿ ಮರಿಯಾ ಕೋಲ್ವೆಲ್ ಎಂಬ ಏಳು ವರ್ಷದ ಹುಡುಗಿಯನ್ನು ಮಲತಂದೆ ಹೊಡೆದು ಕೊಂದಿದ್ದ. ಸಾಕುತ್ತಿದ್ದ ಅತ್ತೆಯ ಮನೆಯಿಂದ ಅವಳನ್ನು ತಾಯಿಯ ಮನೆಗೆ ವಾಪಸ್ ಕಳಿಸಿದ್ದರು. ನೆರೆಹೊರೆಯವರು, ಶಿಕ್ಷಕರು ಮತ್ತೆ ಮತ್ತೆ ದೂರು ಹೇಳಿದ್ದರು. ಆಗಲೂ ವಿಚಾರಣೆ ಆಯಿತು, ಆಗಲೂ ವರದಿ ಬಂತು.

ವೈದ್ಯರು ಇದನ್ನು ಒಪ್ಪಿಕೊಳ್ಳುವುದಕ್ಕೂ ಬಹಳ ಕಾಲ ಹಿಡಿಯಿತು. 1946ರಲ್ಲಿ ಅಮೆರಿಕದ ಜಾನ್ ಕೆಫಿ ಆರು ಕೂಸುಗಳ ಎಕ್ಸ್‌ರೇ ಬಗ್ಗೆ ಬರೆದರು. ತಲೆಬುರುಡೆಯ ಒಳಗೆ ರಕ್ತ, ಕೈಕಾಲುಗಳಲ್ಲಿ ಒಟ್ಟು 23 ಮುರಿತ. ಹೆತ್ತವರು ಮಾತ್ರ ಏನೂ ಆಗಿಲ್ಲ ಅನ್ನುತ್ತಿದ್ದರು. ಮನೆಯವರೇ ಹೊಡೆದಿರಬಹುದು ಅಂತ ಬಾಯಿಬಿಟ್ಟು ಹೇಳಿ, ಅದಕ್ಕೊಂದು ಹೆಸರು ಕೊಟ್ಟದ್ದು 1962ರಲ್ಲಿ, ಹೆನ್ರಿ ಕೆಂಪ್ ಮತ್ತು ಅವರ ಜೊತೆಗಾರರು. ಅಲ್ಲಿಗೆ ಹದಿನಾರು ವರ್ಷ. ಎಕ್ಸ್‌ರೇಯಲ್ಲಿ ಮೂಳೆ ಮುರಿದದ್ದು ಕಾಣುತ್ತಿತ್ತು. ಆದರೆ ತಂದೆ ತಾಯಿ ಹೀಗೆ ಮಾಡುತ್ತಾರೆ ಅಂತ ನಂಬಲು ಮನಸ್ಸು ಬರುತ್ತಿರಲಿಲ್ಲ. ಆ ಮನಸ್ಸು ನಮ್ಮೆಲ್ಲರಲ್ಲೂ ಇದೆ ಅಲ್ವಾ?

ಲೆಕ್ಕದ ಬಗ್ಗೆ ಒಂದೇ ಮಾತು. ವರ್ಷಕ್ಕೆ 18 ವರ್ಷದೊಳಗಿನ ಅಂದಾಜು 40,150 ಮಕ್ಕಳ ಕೊಲೆಯಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಇವೆಲ್ಲ ಮನೆಯೊಳಗೆ ಆದವಲ್ಲ. ಆದರೆ ಮನೆಯೊಳಗೆ ಆದ ಎಷ್ಟೋ ಸಾವುಗಳು ಈ ಲೆಕ್ಕಕ್ಕೇ ಬರುವುದಿಲ್ಲ. ಬಿದ್ದು ಸತ್ತಿತು, ಸುಟ್ಟುಕೊಂಡಿತು, ನೀರಿನಲ್ಲಿ ಮುಳುಗಿತು ಅಂತ ದಾಖಲಾಗಿ ಮುಗಿದುಹೋಗುತ್ತವೆ.

ತೀರಾ ಚಿಕ್ಕ ಕೂಸುಗಳಿಗೇ ಅಪಾಯ ಜಾಸ್ತಿ. ಮೊದಲನೆಯ ಹುಟ್ಟುಹಬ್ಬ ಕೂಡ ಆಗಿರದ ಕೂಸುಗಳು. ಅವು ಓಡಲಾರವು, ಹೇಳಲಾರವು, ಶಾಲೆಗೂ ಹೋಗುವುದಿಲ್ಲ. ಅಳುವುದೊಂದೇ ಗೊತ್ತು. ಆ ಅಳು ಎರಡು ತಿಂಗಳ ಹೊತ್ತಿಗೆ ಅತಿ ಜಾಸ್ತಿ ಇರುತ್ತದೆ, ನಾಲ್ಕೈದು ತಿಂಗಳಿಗೆ ತಾನಾಗಿ ತಗ್ಗುತ್ತದೆ. ಇದನ್ನು ಹೊಸ ಅಪ್ಪ ಅಮ್ಮನಿಗೆ ಯಾರೂ ಹೇಳಿಯೇ ಇರುವುದಿಲ್ಲ. ಬೇಕಂತಲೇ ಅಳುತ್ತಿದೆ ಅಂದುಕೊಂಡು ಸಿಟ್ಟಿನಲ್ಲಿ ಕೂಸನ್ನು ಹಿಡಿದು ಜೋರಾಗಿ ಅಲುಗಾಡಿಸುತ್ತಾರೆ. ಕೂಸಿನ ತಲೆ ಭಾರ, ಕುತ್ತಿಗೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಮಿದುಳಿನ ಸುತ್ತ ರಕ್ತ ಹರಿಯಲು ಕೆಲವು ಸೆಕೆಂಡು ಸಾಕು. ಹೊರಗೆ ಒಂದು ಗೀರೂ ಕಾಣದೆ ಇರಬಹುದು.

ತಾಳ್ಮೆ ತಪ್ಪುತ್ತಿದೆ ಅನಿಸಿದರೆ ಕೂಸನ್ನು ಅಂಗಾತ ಮಲಗಿಸಿ, ಬೀಳದ ಹಾಗೆ ನೋಡಿಕೊಂಡು, ಹತ್ತು ನಿಮಿಷ ಆಚೆ ಹೋಗಿ ನಿಲ್ಲಿ. ಅತ್ತರೆ ಅಳಲಿ. ಅತ್ತು ಸತ್ತ ಕೂಸಿಲ್ಲ. ಮತ್ತೊಂದು ಮಾತು. ಇನ್ನೂ ಅಂಬೆಗಾಲಿಡದ ಕೂಸಿನ ಮೈಮೇಲೆ ಬಾವು, ನೀಲಿ ಗುರುತು ಕಂಡರೆ ಸುಮ್ನೆ ಬಿಡಬೇಡಿ. ತಾನಾಗಿ ಹೋಗಿ ಎಲ್ಲಿಗೋ ತಗುಲಿಸಿಕೊಳ್ಳುವ ವಯಸ್ಸಲ್ಲ ಅದು. ಅವತ್ತೇ ಡಾಕ್ಟರಿಗೆ ತೋರಿಸಬೇಕು.

ಈಗ ಆ ಮೊದಲ ಗಾದೆಗೆ ವಾಪಸ್ ಬರುತ್ತೇನೆ. ಹೆಂಡತಿಗೆ ಹೊಡೆಯುವವನ ಬಗ್ಗೆ ಜನ ಒಂದು ಮಾತು ಹೇಳುತ್ತಾರೆ: ‘ಗಂಡನಾಗಿ ಸರಿಯಿಲ್ಲ, ಆದರೆ ಮಕ್ಕಳೆಂದರೆ ಪ್ರಾಣ.’ ಈ ಮಾತನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ಹಿಂಸೆಗೆ ಸಿಕ್ಕ ಹೆಂಗಸರಿಗೆ ನೆರವಾಗುವ ಇಂಗ್ಲೆಂಡಿನ ವಿಮೆನ್ಸ್ ಏಡ್ ಸಂಸ್ಥೆ 2016ರಲ್ಲಿ 12 ಕುಟುಂಬಗಳ ವಿವರ ಪ್ರಕಟಿಸಿತು. ಅವುಗಳಲ್ಲಿ 19 ಮಕ್ಕಳನ್ನು ತಂದೆಯರೇ ಕೊಂದಿದ್ದರು. ಅವರೆಲ್ಲ ತಾಯಿಗೆ ಹಿಂಸೆ ಕೊಡುತ್ತಿದ್ದವರು. ಬೇರೆಯಾದ ಮೇಲೆ ಮಕ್ಕಳನ್ನು ನೋಡಲು ಸಿಕ್ಕ ಅವಕಾಶದಲ್ಲೇ ಕೊಲೆಗಳು ನಡೆದವು.

ಬೇರೆಯಾದರೆ ಹಿಂಸೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಬಿಟ್ಟು ಹೊರಡುವ ಆ ಹೊತ್ತೇ ಹೆಚ್ಚು ಅಪಾಯದ್ದು. ಹೆಂಡತಿ ಕೈಗೆ ಸಿಗುವುದಿಲ್ಲ, ಮಕ್ಕಳು ಸಿಗುತ್ತಾರೆ. ಅವಳಿಗೆ ಜೀವನಪೂರ್ತಿ ನೋವು ಕೊಡಲು ಮಗುವನ್ನೇ ಆಯುಧ ಮಾಡಿಕೊಳ್ಳುತ್ತಾರೆ. ಮಗುವನ್ನು ಕೊಂದ ಹೆತ್ತವರ ಬಗ್ಗೆ 1969ರಲ್ಲಿ ಬರೆದ ಮನೋವೈದ್ಯ ಫಿಲಿಪ್ ರೆಸ್ನಿಕ್, ಸಂಗಾತಿಯ ಮೇಲಿನ ಸೇಡನ್ನು ಐದು ಕಾರಣಗಳಲ್ಲಿ ಒಂದಾಗಿ ಹೆಸರಿಸಿದ್ದರು. ತೀವ್ರ ಮಾನಸಿಕ ಕಾಯಿಲೆಯಲ್ಲಿ ತಾಯಿಯೇ ಮಗುವಿನ ಜೀವ ತೆಗೆಯುವುದೂ ಇದೆ. ಅದಕ್ಕೆ ಬೇರೆ ಚಿಕಿತ್ಸೆ, ಬೇರೆ ದಾರಿ ಬೇಕು. ಅದನ್ನು ಇದರ ಜೊತೆ ಕಲಸಬಾರದು.

2014ರ ಫೆಬ್ರುವರಿ 12ರ ಸಂಜೆ ಆಸ್ಟ್ರೇಲಿಯಾದ ಟಯಾಬ್ ಎಂಬಲ್ಲಿ ಹನ್ನೊಂದು ವರ್ಷದ ಲ್ಯೂಕ್ ಬ್ಯಾಟಿ ಕ್ರಿಕೆಟ್ ಅಭ್ಯಾಸಕ್ಕೆ ಹೋಗಿದ್ದ. ಅಪ್ಪ ಅಲ್ಲಿಗೇ ಬಂದು ಅವನನ್ನು ಕೊಂದ. ಬಯಲು ಮೈದಾನ, ಸುತ್ತ ಬೇರೆ ಮಕ್ಕಳು, ಅವರ ಮನೆಯವರು. ತಾಯಿ ರೋಸಿ ಬ್ಯಾಟಿ ಅದಕ್ಕೂ ಮುಂಚೆಯೇ ಪೊಲೀಸರ ಬಳಿ, ಕೋರ್ಟಿಗೆ ಹೋಗಿದ್ದವರು. ಮಗ ಹೋದ ಮರುದಿನವೇ ಆಕೆ ಮಾಧ್ಯಮದವರ ಮುಂದೆ ನಿಂತು, ಇದು ಯಾರ ಮನೆಯಲ್ಲಾದರೂ ಆಗಬಹುದು ಅಂದರು. ಆ ತಾಯಿ ಆಮೇಲೂ ಸುಮ್ಮನಾಗಲಿಲ್ಲ. ಟಯಾಬ್ ಇರುವ ವಿಕ್ಟೋರಿಯಾ ರಾಜ್ಯ ಮನೆಯೊಳಗಿನ ಹಿಂಸೆಯ ಬಗ್ಗೆ ರಾಯಲ್ ಕಮಿಷನ್, ಅಂದರೆ ಸರ್ಕಾರಿ ವಿಚಾರಣಾ ಆಯೋಗ, ನೇಮಿಸಿತು. 2016ರಲ್ಲಿ ಅದು 227 ಶಿಫಾರಸುಗಳನ್ನು ಕೊಟ್ಟಿತು.

ಕಾನೂನಿನ ಕಣ್ಣೂ ನಿಧಾನವಾಗಿ ತೆರೆಯುತ್ತಿದೆ. ಬ್ರಿಟನ್ನಿನ 2021ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ, ಮನೆಯಲ್ಲಿ ನಡೆಯುವ ಹಿಂಸೆಯನ್ನು ಕಂಡ, ಕೇಳಿದ, ಅನುಭವಿಸಿದ ಮಗು ಕೂಡ ಸಂತ್ರಸ್ತರೇ. ಪಕ್ಕದ ಕೋಣೆಯಲ್ಲಿ ದಿಂಬಿನಡಿ ಕಿವಿ ಮುಚ್ಚಿಕೊಂಡ ಮಗುವಿಗೂ ಪೆಟ್ಟು ಬಿದ್ದಿದೆ ಅಂತ ಕಾನೂನು ಈಗ ಒಪ್ಪಿದೆ.

ಇಲ್ಲಿ ಕೂತಿರುವವರಲ್ಲಿ ಶಿಕ್ಷಕರಿದ್ದೀರಿ, ನರ್ಸ್‌ಗಳಿದ್ದೀರಿ, ಅಜ್ಜಿ ತಾತಂದಿರು ಇದ್ದೀರಿ. ನಿಮ್ಮ ಬಳಿ ಒಬ್ಬ ಹೆಣ್ಣುಮಗಳು ಬಂದು ‘ಅವರು ಹೊಡೆಯುತ್ತಾರೆ’ ಅಂದರೆ ಹೊಂದಿಕೊಂಡು ಹೋಗಮ್ಮ ಅನ್ನಬೇಡಿ. ಕೇಳಿ: ಕುತ್ತಿಗೆ ಹಿಸುಕಿದ್ದಾನಾ? ಆಯುಧ ತೋರಿಸಿದ್ದಾನಾ? ನೀನು ಬಿಟ್ಟು ಹೋದರೆ ಮಕ್ಕಳನ್ನು ಏನಾದರೂ ಮಾಡುತ್ತೇನೆ ಅಂದಿದ್ದಾನಾ? 1980ರ ದಶಕದಲ್ಲಿ ನರ್ಸ್ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಅಪಾಯವನ್ನು ಅಳೆಯಲು ಮಾಡಿದ ಪಟ್ಟಿಯಲ್ಲಿ ಇಂಥ ಪ್ರಶ್ನೆಗಳಿವೆ. ಹೌದು ಅಂದರೆ ಅದು ತುರ್ತು. ನಾಳೆಗೆ ಬಿಡುವಂಥದ್ದಲ್ಲ.

ಮಗುವನ್ನೂ ಕೇಳಿ, ದೊಡ್ಡವರು ಪಕ್ಕದಲ್ಲಿ ಇಲ್ಲದಾಗ. ‘ಯಾರು ಹೊಡೆದರು’ ಅಂತ ನೇರವಾಗಿ ಬೇಡ. ‘ಮನೆಯಲ್ಲಿ ನಿನಗೆ ಯಾವಾಗ ಹೆದರಿಕೆ ಆಗುತ್ತೆ ಪುಟ್ಟಾ’ ಅನ್ನಿ. ಆಮೇಲೆ ಸುಮ್ಮನೆ ಕೂತುಕೊಳ್ಳಿ. ಯಾರಿಗೂ ಹೇಳುವುದಿಲ್ಲ ಅಂತ ಮಾತ್ರ ಮಾತು ಕೊಡಬೇಡಿ. ನೀವು ಯಾರಿಗಾದರೂ ಹೇಳಲೇಬೇಕಾಗುತ್ತದೆ.