ಹೇಸುವುದು ಯಾವುದಕ್ಕೆ?

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

‘ಹಣಕ್ಕಾಗಿ ಕೊಲೆಗೂ ಹೇಸದವರು’ ಎಂಬ ಮಾತನ್ನು ನೀವೆಲ್ಲ ಪತ್ರಿಕೆಗಳಲ್ಲಿ ಓದಿರುತ್ತೀರಿ. ಸುಳ್ಳು ಸಾಕ್ಷಿ ಹೇಳಲು ಹೇಸಲಿಲ್ಲ, ಹೆತ್ತವರನ್ನು ಬೀದಿಗೆ ತಳ್ಳಲೂ ಹೇಸಲಿಲ್ಲ ಎನ್ನುತ್ತೇವೆ. ಈ ಪ್ರಯೋಗಗಳಲ್ಲಿ ಹೇಸುವುದು ಒಂದು ಗುಣ, ಹೇಸದಿರುವುದು ದೋಷ. ಕೊಳೆತದ್ದನ್ನು ಕಂಡು ಮೈ ಹಿಂದಕ್ಕೆ ಸರಿಯುತ್ತದಲ್ಲ, ಅದೇ ಹಿಂಜರಿಕೆಯನ್ನು ಕನ್ನಡವು ಮನುಷ್ಯ ತಾನೇ ಮಾಡಲಿರುವ ಕೆಟ್ಟ ಕೆಲಸದ ಕಡೆಗೆ ತಿರುಗಿಸಿದೆ. ಅಸಹ್ಯವನ್ನು ಹೇಳುವ ನಮ್ಮ ಮಾತುಗಳಲ್ಲಿ ಇದಕ್ಕಿಂತ ಘನವಾದ ಬಳಕೆಯನ್ನು ನಾನು ಕಂಡಿಲ್ಲ.

ಮಹಾಭಾರತದಲ್ಲಿ ಅರ್ಜುನನಿಗೆ ಬೀಭತ್ಸು ಎಂಬ ಹೆಸರೂ ಇದೆ. ವಿರಾಟಪರ್ವದಲ್ಲಿ ತನ್ನ ಹೆಸರುಗಳ ಅರ್ಥವನ್ನು ಉತ್ತರನಿಗೆ ಬಿಡಿಸಿ ಹೇಳುವಾಗ, ಯುದ್ಧ ಮಾಡುವಾಗಲೂ ತಾನು ಬೀಭತ್ಸವಾದ ಕೆಲಸ ಮಾಡುವುದಿಲ್ಲ, ಆದ್ದರಿಂದಲೇ ಈ ಹೆಸರು ಬಂದಿದೆ ಎನ್ನುತ್ತಾನೆ. ನೀಚ ಕೃತ್ಯಕ್ಕೆ ಹೇಸುವವನು ಎಂದು ನಾವು ಅದನ್ನು ಅರ್ಥ ಮಾಡಿಕೊಳ್ಳಬಹುದು.

ಆದರೆ ದಿನನಿತ್ಯದ ಮಾತಿನಲ್ಲಿ ನಾವು ಹೇಸುವುದು ನಮ್ಮ ಕೃತ್ಯಕ್ಕಿಂತ ಹೆಚ್ಚಾಗಿ ಇನ್ನೊಬ್ಬರಿಗೆ. ಇದರ ಗುಟ್ಟು ವಾಕ್ಯದ ರಚನೆಯಲ್ಲಿಯೇ ಇದೆ. ‘ನನಗೆ ಅಸಹ್ಯವಾಗುತ್ತದೆ’, ‘ನನಗೆ ಹೇಸಿಗೆಯಾಗುತ್ತದೆ’ ಎನ್ನುವುದು ಕನ್ನಡದ ಸಹಜ ರೀತಿ. ಹಸಿವು, ಬಾಯಾರಿಕೆ, ನಿದ್ದೆಗಳ ಹಾಗೆ ಅಸಹ್ಯವೂ ನನಗೆ ಆಗುವಂಥದ್ದು. ಅಸಹ್ಯ ಎಂದರೆ ಸಹಿಸಲಾಗದ್ದು ಎಂದಷ್ಟೇ ಮೂಲಾರ್ಥ, ಸಹಿಸಲಾಗದವನು ನಾನು. ‘ನನಗೆ’ ಎಂಬ ಮಾತು ಬಿದ್ದುಹೋಗಿ ‘ಅವನೊಬ್ಬ ಅಸಹ್ಯ’, ‘ಅವರೆಲ್ಲ ಹೊಲಸು ಜನ’ ಎಂದಾಗ, ನನ್ನಲ್ಲಿ ಹುಟ್ಟಿದ ಭಾವ ಇನ್ನೊಬ್ಬರ ಗುಣವಾಗಿ ಕೂತುಬಿಡುತ್ತದೆ. ಅದಕ್ಕೆ ಕಾರಣ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ.

ಆ ಭಾವವಾದರೂ ಹುಟ್ಟಿನಿಂದ ಬಂದದ್ದೇ? ಸಗಣಿಯಿಂದ ಅಂಗಳ ಸಾರಿಸುವ ಕೈ ನಾಯಿಯ ಮಲವನ್ನು ಕಂಡರೆ ಹಿಂದಕ್ಕೆ ಸರಿಯುತ್ತದೆ. ‘ಮಗು ಹೇಸಿಗೆ ಮಾಡಿಕೊಂಡಿದೆ’ ಎನ್ನುತ್ತ ಅದನ್ನು ಬಳಿದು ತೊಳೆಯುವ ತಾಯಿಗೆ ಹೇಸಿಗೆಯೆನ್ನಿಸುವುದಿಲ್ಲ; ವಸ್ತುವಿಗೂ ಭಾವಕ್ಕೂ ಒಂದೇ ಹೆಸರಿದ್ದರೂ ಅಲ್ಲಿ ವಸ್ತು ಇದೆ, ಭಾವ ಇಲ್ಲ. ತೆವಳುವ ಕೂಸು ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ‘ಛೀ, ಕಕ್ಕ, ಮುಟ್ಟಬೇಡ’ ಎಂದು ನಾವು ಕಲಿಸಿದ ಮೇಲೆ ಅದು ಮುಖ ಸಿಂಡರಿಸಲು ಕಲಿಯುತ್ತದೆ. ಯಾವುದಕ್ಕೆ ‘ಛೀ’ ಎನ್ನಬೇಕೆಂದು ಕಲಿಸುವವರು ಹಿರಿಯರು. ಕೊಳೆಯ ಜೊತೆಗೆ ಯಾರ ಮನೆಯ ನೀರು ಕುಡಿಯಬಾರದು ಎಂಬುದನ್ನೂ ಅದೇ ದನಿಯಲ್ಲಿ ಕಲಿಸಿಬಿಡುತ್ತಾರೆ.

‘ಥೂ’ ಎಂಬುದು ಉಗಿಯುವ ಸದ್ದೇ. ‘ಉಗಿ’ ಎಂಬ ಕ್ರಿಯಾಪದ ಇಂದು ಬೈಗುಳದ ಅರ್ಥಕ್ಕೂ ನಿಂತಿದೆ. ಮೇಲಧಿಕಾರಿಯಿಂದ ಉಗಿಸಿಕೊಂಡೆ ಎನ್ನುವವನ ಮುಖದ ಮೇಲೆ ಎಂಜಲೇನೂ ಬಿದ್ದಿರುವುದಿಲ್ಲ. ಮಗುವಿಗೆ ದೃಷ್ಟಿ ತೆಗೆಯುವ ಅಜ್ಜಿ ‘ಥೂ ಥೂ’ ಎನ್ನುವುದು ಮಾತ್ರ ಅಪ್ಪಟ ಅಕ್ಕರೆಯಿಂದ. ಗಲೀಜು, ಕೊಳಕು, ರೇಜಿಗೆಗಳು ಹೆಚ್ಚಾಗಿ ಬಟ್ಟೆಗೆ, ಮಳೆಗಾಲದ ಕೆಸರಿಗೆ ಅಂಟಿಕೊಂಡ ಮಾತುಗಳು, ಒಗೆದರೆ ಹೋಗುವಂಥವು. ಎಷ್ಟು ತೊಳೆದರೂ ಹೋಗದಂತೆ ಸಮಾಜ ಅಂಟಿಸಿದ ಮಾತುಗಳು ಬೇರೆಯೇ ಇವೆ.

‘ಹೊಲೆ’ ಅಂಥ ಮಾತು. ಹಳಗನ್ನಡದಲ್ಲಿ ‘ಪೊಲೆ’ ಎಂದರೆ ಅಶೌಚ, ಹೆಣ್ಣಿನ ಮುಟ್ಟು. ಅದೇ ಪದವನ್ನು ಒಂದು ಇಡೀ ಸಮುದಾಯದ ಮೇಲೆ ಹೊರಿಸಿ ಊರಾಚೆಗೆ ಇಟ್ಟರು. ಇಂದು ಪರಿಶಿಷ್ಟ ಜಾತಿ, ಪಂಗಡಗಳ ಒಬ್ಬರನ್ನು ಜಾತಿಯ ಹೆಸರು ಹಿಡಿದು ಎಲ್ಲರೆದುರು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಈ ಪದದ ಬುಡಕ್ಕೇ ಕೈ ಹಾಕಿದರು: ‘ಹೊಲೆಗಂಡಲ್ಲದೆ ಪಿಂಡದ ನೆಲೆಗಾಶ್ರಯವಿಲ್ಲ’. ನೀವು ಹೇಸುವ ಆ ಹೊಲೆ ಇಲ್ಲದೆ ಗರ್ಭಕ್ಕೆ ನೆಲೆಯಿಲ್ಲ, ಹುಟ್ಟಿದವರೆಲ್ಲರೂ ಅಲ್ಲಿಂದಲೇ ಬಂದವರು ಎಂಬ ಮಾತಿದು. ಜನನ, ಮರಣ, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಬಸವಾದಿ ಶರಣರ ಪರಂಪರೆ ನಿರಾಕರಿಸಿತು. ಈ ಐದನ್ನೂ ಒಂದೇ ಸಾಲಿನಲ್ಲಿ ಇಟ್ಟು ನೋಡಿದ್ದು ದೊಡ್ಡ ವಿಚಾರ. ಬಾಯಿಯ ಜೊಲ್ಲಿನ ಬಗೆಗಿನ ಅಸಹ್ಯವೂ ಮನುಷ್ಯನ ಬಗೆಗಿನ ಅಸಹ್ಯವೂ ಒಂದೇ ಬಳ್ಳಿಯ ಕಾಯಿಗಳೆಂದು ಅವರು ಗುರುತಿಸಿದ್ದರು.

ನಮಗೆಲ್ಲ ಬಾಯಿಪಾಠವಾಗಿರುವ ‘ಕಳಬೇಡ, ಕೊಲಬೇಡ’ ವಚನದಲ್ಲಿ ‘ಅನ್ಯರಿಗೆ ಅಸಹ್ಯಪಡಬೇಡ’ ಎಂಬ ಮಾತು ಬರುತ್ತದೆ. ಕಳ್ಳತನ, ಕೊಲೆ, ಸುಳ್ಳು, ಸಿಟ್ಟುಗಳ ಬೆನ್ನಿಗೇ ಅಸಹ್ಯ! ಶಾಲೆಯ ಸಮಾರಂಭಗಳಲ್ಲಿ ಇದನ್ನು ಹಾಡುವಾಗ ಆ ಸಾಲು ಸಲೀಸಾಗಿ ದಾಟಿಹೋಗುತ್ತದೆ. ಕಳಬೇಡ, ಕೊಲಬೇಡ ಎಂಬುವನ್ನು ನಮ್ಮಲ್ಲಿ ಬಹುಪಾಲು ಜನ ಪಾಲಿಸುತ್ತೇವೆ. ಅಸಹ್ಯಪಡಬೇಡ ಎಂಬುದನ್ನು ಬೆಳಗಿನಿಂದ ಸಂಜೆಯೊಳಗೆ ಹಲವು ಸಲ ಮುರಿಯುತ್ತೇವೆ.

ಬೀದಿ ಗುಡಿಸುವ ಪೌರಕಾರ್ಮಿಕರನ್ನು ನೋಡಿ. ಕಸ ನಮ್ಮದು, ಹಸಿಕಸ, ಒಣಕಸ, ಬಳಸಿದ ಸ್ಯಾನಿಟರಿ ಪ್ಯಾಡು ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿದವರು ನಾವು. ಅದನ್ನು ಕೈಯಿಂದ ಬೇರ್ಪಡಿಸುವ ಹೆಂಗಸು ಕುಡಿಯಲು ನೀರು ಕೇಳಿದರೆ ಲೋಟ ಬೇರೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ 1993ರಲ್ಲಿ ಕಾನೂನು ಬಂತು, 2013ರಲ್ಲಿ ಇನ್ನೂ ಬಿಗಿಯಾದ ಇನ್ನೊಂದು ಬಂತು. ಆಮೇಲೂ ಮಲಗುಂಡಿಗೆ ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿಗಳನ್ನು ಓದಿದ್ದೇವೆ. ಅಸಹ್ಯ ಕೆಲಸ ಎಂದು ಮೂಗು ಮುಚ್ಚಿಕೊಳ್ಳುತ್ತೇವೆ. ಇಳಿಸಿದವರನ್ನು ಕಂಡು ಯಾರಿಗೂ ಹೊಟ್ಟೆ ತೊಳಸುವುದಿಲ್ಲ. ನನಗೆ ತೊಳಸುತ್ತದೆ, ಇದನ್ನು ಈ ವೇದಿಕೆಯಿಂದ ಹೇಳಲೇಬೇಕು.

ಕೊನೆಗೆ ‘ಜುಗುಪ್ಸೆ’. ಭರತನ ನಾಟ್ಯಶಾಸ್ತ್ರದಲ್ಲಿ ಇದು ಎಂಟು ಸ್ಥಾಯಿಭಾವಗಳಲ್ಲೊಂದು, ಎಂದರೆ ಮನಸ್ಸಿನಲ್ಲಿ ನೆಲೆನಿಲ್ಲುವ ಭಾವಗಳಲ್ಲೊಂದು, ಬೀಭತ್ಸ ರಸದ ಬೇರು. ಆ ರಸದ ಬಣ್ಣ ನೀಲಿ, ಅಧಿದೇವತೆ ಮಹಾಕಾಲ. ಮಲ, ಹುಳುಗಳಿಂದ ಹುಟ್ಟುವ ಬೀಭತ್ಸ ಬೇರೆ, ರಕ್ತ ಮೊದಲಾದವುಗಳಿಂದ ಹುಟ್ಟುವುದು ಬೇರೆ ಎಂದು ಭರತ ವಿಂಗಡಿಸುತ್ತಾನೆ. ‘ಗುಪ್’ ಎಂಬ ಧಾತುವಿಗೆ ಕಾಪಾಡು ಎಂಬ ಅರ್ಥವಿದೆ. ಜುಗುಪ್ಸೆ ಆ ಧಾತುವಿನಿಂದಲೇ ಬಂದ ಪದ. ಕೆಟ್ಟದ್ದರಿಂದ ತನ್ನನ್ನು ಕಾಪಾಡಿಕೊಳ್ಳಲು ಜೀವ ಹಿಂದೆ ಸರಿಯುವುದು ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ.

ಇಂದಿನ ಕನ್ನಡದಲ್ಲಿ ಈ ಪದ ‘ಜಿಗುಪ್ಸೆ’ಯಾಗಿ ಎಲ್ಲಿ ಸಿಗುತ್ತದೆಂದರೆ, ‘ಜೀವನದಲ್ಲಿ ಜಿಗುಪ್ಸೆಗೊಂಡು ಆತ್ಮಹತ್ಯೆ’ ಎಂಬ ಪುಟ್ಟ ಸುದ್ದಿಯಲ್ಲಿ. ಜೀವ ಕಾಯಬೇಕಾದ ಮಾತು ಜೀವ ತೊರೆದವರ ಹೆಸರಿನ ಪಕ್ಕದಲ್ಲಿ ಬಂದು ನಿಂತಿದೆ. ನನ್ನ ತಕರಾರು ಪದದ ಮೇಲಲ್ಲ, ಅದು ಮುಚ್ಚಿಡುವ ಸಂಗತಿಗಳ ಮೇಲೆ. ಆ ಮನೆಯಲ್ಲಿ ಸಾಲ ಕೊಟ್ಟವರ ಕಿರುಕುಳ ಇದ್ದಿರಬಹುದು, ವರದಕ್ಷಿಣೆಯ ಹಿಂಸೆ ಇದ್ದಿರಬಹುದು, ಚಿಕಿತ್ಸೆ ಸಿಗದ ಖಿನ್ನತೆ ಇದ್ದಿರಬಹುದು. ಇವಿಷ್ಟೂ ‘ಜಿಗುಪ್ಸೆ’ ಎಂಬ ಒಂದೇ ಪದದೊಳಗೆ ಅಡಗಿಹೋಗುತ್ತವೆ, ಸತ್ತವರೇ ಬದುಕಿಗೆ ಹೇಸಿದರೆಂಬ ಹಾಗೆ. ಈ ಸಭೆಯಲ್ಲಿ ವರದಿಗಾರರೂ ಪತ್ರಿಕೋದ್ಯಮದ ವಿದ್ಯಾರ್ಥಿಗಳೂ ಇದ್ದೀರಿ. ಆ ಸಿದ್ಧವಾಕ್ಯವನ್ನು ಬಿಟ್ಟುಬಿಡಿ. ಕಿರುಕುಳ ತಿಳಿದಿದ್ದರೆ ಕಿರುಕುಳವೆಂದೇ ಬರೆಯಿರಿ, ಕಾಯಿಲೆಯಾಗಿದ್ದರೆ ಕಾಯಿಲೆ ಎನ್ನಿ. ತಿಳಿಯದಿದ್ದರೆ ಕಾರಣ ತಿಳಿದುಬಂದಿಲ್ಲ ಎಂದು ಬರೆಯಿರಿ. ನೆರವು ಎಲ್ಲಿ ಸಿಗುತ್ತದೆ ಎಂಬುದನ್ನೂ ಅದರ ಕೆಳಗೆ ಮುದ್ರಿಸಿ.